ಟ್ಯಾಬ್ ಮೆಮೊರಿ ತಿಂತಾನೇ ಇದ್ಯಾ? ಯಾರು ಹಿಡ್ಕೊಂಡು ಕೂತಿದಾರೆ ಅಂತ ಹುಡುಕೋದು ಹೀಗೆ

ಪೇಜ್ ಓಪನ್ ಮಾಡಿದಾಗ ಚೆನ್ನಾಗೇ ಓಡತ್ತೆ, ಒಂದು ಗಂಟೆ ಬಿಟ್ಟು ನೋಡಿದ್ರೆ ಸ್ಕ್ರೋಲ್ ತಡವರಿಸ್ತಾ ಇರತ್ತೆ, ಬಟನ್ ಒತ್ತಿದ್ರೆ ಒಂದು ಕ್ಷಣ ಸುಮ್ನಿದ್ದು ಆಮೇಲೆ ಕೆಲಸ ಮಾಡತ್ತೆ, ಸಂಜೆ ಹೊತ್ತಿಗೆ ಟ್ಯಾಬೇ ಸತ್ತು ಮಲಗಿರತ್ತೆ. ಯೂಸರ್ ರಿಫ್ರೆಶ್ ಮಾಡ್ತಾನೆ, ಸರಿ ಹೋಗತ್ತೆ, ಹಾಗಾಗಿ ಯಾರೂ ಬಗ್ ಅಂತ ಬರೆದು ಕಳ್ಸೋದೂ ಇಲ್ಲ. ಮೆಮೊರಿ ಲೀಕ್‌ನ ರೀತಿನೇ ಇದು. ಎರರ್ ಇಲ್ಲ, ಕೆಂಪಕ್ಷರ ಇಲ್ಲ, ಇಂಥಾ ಸಾಲಲ್ಲಿ ತಪ್ಪಿದೆ ಅಂತ ಹೇಳೋರು ಯಾರೂ ಇಲ್ಲ.

ಇದನ್ನ ಹುಡುಕೋಕೆ ಎಲ್ರೂ ಮೊದಲು ಮಾಡೋದು ಕೋಡ್ ಓದ್ತಾ ಕೂರೋದು, ನಾನೂ ಎಷ್ಟೋ ದಿನ ಹಾಗೇ ಮಾಡಿದೀನಿ. ಇಲ್ಲೊಂದು ಇಂಟರ್ವಲ್ ಇದೆ ಇದೇ ಇರ್ಬೇಕು, ಅಲ್ಲೊಂದು ಗ್ಲೋಬಲ್ ಇದೆ ಅದೇ ಇರ್ಬೇಕು ಅಂತ ಅನುಮಾನದ ಮೇಲೆ ಹತ್ತು ಜಾಗ ಬದಲಾಯಿಸಿ ಕೊನೆಗೆ ನೋಡಿದ್ರೆ ಗ್ರಾಫ್ ಹಾಗೇ ಮೇಲಕ್ಕೆ ಹೋಗ್ತಾ ಇರತ್ತೆ. ಗುಡ್ಡ ಅಗೆದು ಇಲಿ ಹಿಡಿದ ಹಾಗೆ, ಇಲ್ಲಿ ಇಲಿನೂ ಸಿಗಲ್ಲ. ಕೋಡ್ ಬದಿಗಿಟ್ಟು ಹೀಪ್‌ನೇ, ಅಂದ್ರೆ ಆಬ್ಜೆಕ್ಟ್‌ಗಳೆಲ್ಲ ಕೂತಿರೋ ಮೆಮೊರಿನೇ, ಕೇಳ್ಬೇಕು, ಅದೂ ಒಂದೇ ಪ್ರಶ್ನೆ: ಈ ಆಬ್ಜೆಕ್ಟ್‌ನ ಈಗ ಯಾರು ಹಿಡ್ಕೊಂಡಿದಾರೆ? ಯಾರು ಹುಟ್ಟಿಸಿದ್ರು ಅನ್ನೋದು ಇಲ್ಲಿ ಬೇಕಾಗಿಲ್ಲ, ಹುಟ್ಟಿಸೋದು ತಪ್ಪಲ್ಲ.

ಯಾಕಂದ್ರೆ ಜಾವಾಸ್ಕ್ರಿಪ್ಟ್‌ನಲ್ಲಿ ಮೆಮೊರಿನ ನಾವು ಕೈಯಾರೆ ಬಿಡಿಸೋದಿಲ್ಲ, ಗಾರ್ಬೇಜ್ ಕಲೆಕ್ಟರ್ ಬಿಡಿಸತ್ತೆ. ಅದು ಬೇರುಗಳಿಂದ ಶುರು ಮಾಡತ್ತೆ: ವಿಂಡೋ ಆಬ್ಜೆಕ್ಟ್, ಈಗ ಓಡ್ತಾ ಇರೋ ಫಂಕ್ಷನ್‌ಗಳ ಸ್ಟ್ಯಾಕ್, ಪೇಜ್‌ನಲ್ಲಿರೋ ಡಾಮ್ ಮರ (ಎಲಿಮೆಂಟ್‌ಗಳ ಮರ), ಬಾಕಿ ಇರೋ ಟೈಮರ್‌ಗಳು. ಅಲ್ಲಿಂದ ಒಂದೊಂದೇ ರೆಫರೆನ್ಸ್ ಹಿಡಿದು ನಡೀತಾ ಹೋಗಿ ಎಲ್ಲೆಲ್ಲಿ ಮುಟ್ಟೋಕಾಗತ್ತೋ ಅದಕ್ಕೆಲ್ಲ ಗುರುತು ಹಾಕತ್ತೆ, ಗುರುತು ಬೀಳದೇ ಇರೋದನ್ನ ಗುಡಿಸಿ ಹಾಕತ್ತೆ. ಅಂದ್ರೆ ನಿಮಗೆ ಆ ಆಬ್ಜೆಕ್ಟ್ ಬೇಡ ಆಗಿದೆ ಅನ್ನೋದು ಅದಕ್ಕೆ ಗೊತ್ತಾಗಲ್ಲ, ಬೇರಿಂದ ಒಂದು ದಾರಿ ಉಳಿದಿದ್ರೂ ಸಾಕು, ಬದುಕಿರತ್ತೆ. ಲೀಕ್ ಅಂದ್ರೆ ಹೀಗೆ ಮರೆತು ಉಳಿದ ದಾರಿ. ಇನ್ನೊಂದು ಮಾತು, ಎರಡು ಆಬ್ಜೆಕ್ಟ್ ಒಂದನ್ನೊಂದು ಹಿಡ್ಕೊಂಡ್ರೆ ಲೀಕ್ ಆಗತ್ತೆ ಅಂತ ಈಗಲೂ ಕೆಲವರು ಹೇಳ್ತಾರೆ, ಅದು ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಕಾಲದ ಕಥೆ, ಅಲ್ಲಿ ಡಾಮ್ ಆಬ್ಜೆಕ್ಟ್‌ಗಳಿಗೆ ರೆಫರೆನ್ಸ್ ಎಣಿಸೋ ಪದ್ಧತಿ ಇತ್ತು. ಈಗ ಬೇರಿಂದ ದಾರಿ ಇಲ್ಲದ ಸುತ್ತು ಎಷ್ಟು ದೊಡ್ಡದಿದ್ರೂ ಹೋಗತ್ತೆ, ಅದಕ್ಕೆ ಹೆದರ್ಬೇಡಿ.

ಮೊದಲು ಇದು ಲೀಕೇ ಹೌದಾ

ಮೆಮೊರಿ ಜಾಸ್ತಿ ಇದ್ದ ತಕ್ಷಣ ಲೀಕ್ ಅನ್ನೋದು ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ದೊಡ್ಡ ಪೇಜ್‌ಗೆ ದೊಡ್ಡ ಮೆಮೊರಿ ಬೇಕೇ ಬೇಕು. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದ್ರೆ ಅದರದ್ದೇ ಟಾಸ್ಕ್ ಮ್ಯಾನೇಜರ್ ಬರತ್ತೆ, ಮೇಲಿನ ಹೆಡ್ಡಿಂಗ್ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಜಾವಾಸ್ಕ್ರಿಪ್ಟ್ ಮೆಮೊರಿ ಅನ್ನೋ ಕಾಲಂ ಆನ್ ಮಾಡ್ಕೊಳ್ಳಿ. ಅಲ್ಲಿ ಎರಡು ಅಂಕಿ ಕಾಣ್ಸತ್ತೆ, ಬ್ರ್ಯಾಕೆಟ್ ಒಳಗಿರೋ ಲೈವ್ ಅನ್ನೋದು ನಿಜವಾಗಿ ಬಳಕೆಯಲ್ಲಿರೋದು, ನಮಗೆ ಅದೇ ಬೇಕು. ಪಕ್ಕದ ಮೆಮೊರಿ ಫುಟ್‌ಪ್ರಿಂಟ್ ಕಾಲಂ ಬೇರೆ, ಅದು ಆ ಪ್ರೋಸೆಸ್ ಪೂರ್ತಿದು. ಫುಟ್‌ಪ್ರಿಂಟ್ ಏರ್ತಾ ಇದ್ದು ಜಾವಾಸ್ಕ್ರಿಪ್ಟ್ ಮೆಮೊರಿ ಅಲ್ಲಾಡದೇ ಕೂತಿದ್ರೆ ತಪ್ಪು ಹೀಪ್ ಒಳಗಿಲ್ಲ, ಇಮೇಜು, ಕ್ಯಾನ್ವಾಸು, ಬ್ಲಾಬ್ (ಫೈಲ್ ಥರದ ಕಚ್ಚಾ ಡೇಟಾ), ಡಾಮ್ ಕಡೆ ನೋಡಿ. ಈ ಒಂದು ವ್ಯತ್ಯಾಸ ಮೊದಲೇ ನೋಡಿದ್ರೆ ಅರ್ಧ ದಿನ ಉಳಿಯತ್ತೆ.

ಆಮೇಲೆ ಬ್ರೌಸರ್ ಒಳಗೇ ಇರೋ ಡೆವಲಪರ್ ಸಲಕರಣೆ, ಅಂದ್ರೆ ಡೆವ್‌ಟೂಲ್ಸ್‌ನ ಪರ್ಫಾರ್ಮೆನ್ಸ್ ಪ್ಯಾನೆಲ್‌ನಲ್ಲಿ ಮೆಮೊರಿ ಅನ್ನೋ ಚೆಕ್‌ಬಾಕ್ಸ್ ಹಾಕಿ ರೆಕಾರ್ಡ್ ಮಾಡಿ. ಗ್ರಾಫ್ ಗರಗಸದ ಹಲ್ಲಿನ ತರ ಬರತ್ತೆ, ಏರೋದು, ಕಲೆಕ್ಟರ್ ಬಂದಾಗ ಧಪ್ ಅಂತ ಇಳಿಯೋದು, ಇದು ಆರೋಗ್ಯದ ಲಕ್ಷಣ. ಶಿಖರಗಳನ್ನ ನೋಡ್ಬೇಡಿ, ಕಣಿವೆಗಳನ್ನ ನೋಡಿ. ಪ್ರತಿ ಸಲ ಇಳಿದಾಗ ತಳ ಹಿಂದಿನ ತಳಕ್ಕಿಂತ ಮೇಲಿದ್ರೆ, ಹಾಗೇ ಮೇಲಮೇಲಕ್ಕೆ ಹೋಗ್ತಾ ಇದ್ರೆ, ಅದು ಲೀಕ್. ಅದೇ ಗ್ರಾಫ್‌ನಲ್ಲಿ ನೋಡ್ಸ್ (ಡಾಮ್ ಮರದ ತುಂಡುಗಳು), ಲಿಸನರ್ಸ್ (ಕ್ಲಿಕ್, ರೀಸೈಜ್ ಥರದ್ದು ಆದಾಗ ಓಡೋಕೆ ಕಾದಿರೋ ಫಂಕ್ಷನ್‌ಗಳು) ಅನ್ನೋ ಗೆರೆಗಳೂ ಇರ್ತವೆ, ಅವು ಮೆಟ್ಟಿಲು ಮೆಟ್ಟಿಲಾಗಿ ಏರ್ತಾ ಇದ್ರೆ ಅಪರಾಧಿ ಯಾವ ಜಾತಿ ಅಂತ ಅಲ್ಲೇ ಅರ್ಧ ಗೊತ್ತಾಯ್ತು.

ಕೈ ತೊಳ್ಕೊಂಡು ಶುರು ಮಾಡಿ

ಇನ್‌ಕಾಗ್ನಿಟೋ ವಿಂಡೋದಲ್ಲೇ ಕೆಲಸ ಮಾಡಿ, ಎಕ್ಸ್‌ಟೆನ್ಶನ್‌ಗಳು ಪೇಜ್ ಒಳಗೆ ತಮ್ಮ ಆಬ್ಜೆಕ್ಟ್ ಸೇರಿಸಿ ಲೆಕ್ಕ ಕೆಡಿಸ್ತವೆ. ಮಿನಿಫೈ ಆಗಿರೋ ಬಿಲ್ಡ್ ಬೇಡ, ಕ್ಲಾಸ್‌ಗಳ ಹೆಸರು ಒಂದೊಂದು ಅಕ್ಷರ ಆಗಿರತ್ತೆ, ಆ ಪಟ್ಟಿ ನೋಡಿ ಏನೂ ಅರ್ಥ ಆಗಲ್ಲ. ಹೆಸರು ಉಳಿಸೋ ಬಿಲ್ಡ್ ಬೇಕು.

ಇನ್ನು ಕನ್ಸೋಲ್ ಲಾಗ್. ಇದೊಂದನ್ನ ದೊಡ್ಡದಾಗೇ ಹೇಳ್ಬೇಕು. ಡೆವ್‌ಟೂಲ್ಸ್ ತೆರೆದಿದ್ದಾಗ ನೀವು ಲಾಗ್ ಮಾಡಿದ ಆಬ್ಜೆಕ್ಟ್‌ನ ಕನ್ಸೋಲ್ ಬಿಡೋದಿಲ್ಲ, ಯಾಕಂದ್ರೆ ನೀವು ಆಮೇಲೆ ಬಾಣದ ಗುರುತು ಒತ್ತಿ ಬಿಚ್ಚಿ ನೋಡ್ಬಹುದಲ್ಲ, ಅದಕ್ಕೆ ಅದು ಬೇಕು. ನಾನು ಒಂದ್ಸಲ ಲೀಕ್ ಹುಡುಕೋಕೆ ಅಂತಾನೇ ಕಾಂಪೊನೆಂಟ್ ಸಾಯೋವಾಗ ಅದನ್ನೇ ಲಾಗ್ ಮಾಡ್ತಾ ಇದ್ದೆ, ಸರಿಯಾಗಿ ಸತ್ತಿದ್ಯಾ ನೋಡೋಣ ಅಂತ. ಒಂದೂವರೆ ದಿನ ಹುಡುಕಿದ್ದು ನಾನೇ ಮಾಡಿದ ಲೀಕನ್ನ. ಎಲಿಮೆಂಟ್ಸ್ ಪ್ಯಾನೆಲ್‌ನಲ್ಲಿ ಕ್ಲಿಕ್ ಮಾಡಿ ಆರಿಸಿದ ನೋಡ್ ಕೂಡ ಹಾಗೇ, ಡಾಲರ್ ಸೊನ್ನೆಯಿಂದ ಡಾಲರ್ 4ರ ತನಕ ಕೊನೇ ಐದನ್ನ ಅದು ನೆನಪಿಟ್ಕೊಂಡಿರತ್ತೆ. ಹಾಗಾಗಿ ಲಾಗ್‌ಗಳನ್ನ ತೆಗೆದು, ಕನ್ಸೋಲ್ ಕ್ಲಿಯರ್ ಮಾಡಿ, ಪೇಜ್ ರಿಲೋಡ್ ಮಾಡಿ, ಎಲಿಮೆಂಟ್ಸ್ ಕಡೆ ತಲೆನೇ ಹಾಕದೆ ಸೀದಾ ಮೆಮೊರಿ ಪ್ಯಾನೆಲ್‌ಗೆ ಹೋಗಿ.

ಏಳು ಸಲ ಮಾಡಿ

ಈಗ ಒಂದು ಕೆಲಸ ಆರಿಸ್ಕೊಳ್ಳಿ, ಶುರು ಮಾಡಿದ ಜಾಗಕ್ಕೇ ವಾಪಸ್ ಬರೋ ಅಂಥದ್ದು. ಡೈಲಾಗ್ ತೆಗೆದು ಮುಚ್ಚೋದು, ಲಿಸ್ಟ್‌ನಿಂದ ಡೀಟೇಲ್ ಪೇಜ್‌ಗೆ ಹೋಗಿ ಹಿಂದಕ್ಕೆ ಬರೋದು. ವಾಪಸ್ ಬಂದ ಮೇಲೆ ಮೆಮೊರಿನೂ ವಾಪಸ್ ಬರ್ಬೇಕು ಅನ್ನೋ ನಿರೀಕ್ಷೆ ಇಲ್ಲಿ ನ್ಯಾಯವಾದದ್ದು. ಚಾಟ್ ಥರ ಬೆಳೀತಾನೇ ಹೋಗೋ ಸ್ಕ್ರೀನ್‌ನಲ್ಲಿ ಹಾಗೆ ಕೇಳೋಕಾಗಲ್ಲ, ಅಲ್ಲಿ ಬೆಳೆಯೋದೇ ಕೆಲಸ.

ಮೊದಲು ಆ ಕೆಲಸನ ಒಂದೋ ಎರಡೋ ಸಲ ಸುಮ್ನೆ ಮಾಡಿ ಬಿಡಿ. ಮೊದಲ ಸಲ ಕೋಡ್ ಲೋಡ್ ಆಗತ್ತೆ, ಕಂಪೈಲ್ ಆಗತ್ತೆ, ಕ್ಯಾಶ್ ತುಂಬತ್ತೆ, ಇದೆಲ್ಲ ಒಂದೇ ಸಲ ಆಗೋ ಖರ್ಚು, ಅದನ್ನ ಲೀಕ್ ಅಂದ್ಕೋಬಾರ್ದು. ಆಮೇಲೆ ಮೆಮೊರಿ ಪ್ಯಾನೆಲ್‌ನಲ್ಲಿ ಹೀಪ್ ಸ್ನ್ಯಾಪ್‌ಶಾಟ್, ಅಂದ್ರೆ ಆ ಕ್ಷಣಕ್ಕೆ ಹೀಪ್‌ನಲ್ಲಿ ಇರೋದೆಲ್ಲದರ ಪಟ್ಟಿ, ತಗೊಳ್ಳಿ. ಸ್ನ್ಯಾಪ್‌ಶಾಟ್‌ಗೆ ಮುಂಚೆ ಬ್ರೌಸರ್ ತಾನೇ ಗಾರ್ಬೇಜ್ ಕಲೆಕ್ಷನ್ ಮಾಡತ್ತೆ, ಹಾಗಾಗಿ ಅದರಲ್ಲಿ ಇರೋದೆಲ್ಲ ಬೇರಿಂದ ಮುಟ್ಟೋಕೆ ಆಗೋ ಆಬ್ಜೆಕ್ಟ್‌ಗಳೇ, ಕಸ ಅಲ್ಲ.

ಈಗ ಅದೇ ಕೆಲಸ ಸರಿಯಾಗಿ 7 ಸಲ. ಯಾಕೆ 7? ಹತ್ತು ಸಲ ಮಾಡಿದ್ರೆ ಹತ್ತು, ಇಪ್ಪತ್ತು ಅನ್ನೋ ಅಂಕಿಗಳು ಹೀಪ್‌ನಲ್ಲಿ ಸುಮ್ನೆನೂ ಸಿಗ್ತವೆ. 7, 14, 21 ಅಂತ ಕಂಡ್ರೆ ಅದು ಕಾಕತಾಳೀಯ ಆಗೋದು ಕಷ್ಟ. 11 ಮಾಡಿದ್ರೂ ಸರಿ, 13 ಮಾಡಿದ್ರೂ ಸರಿ, ಎಣಿಕೆ ಮಾತ್ರ ತಪ್ಪಬಾರ್ದು. ಮುಗಿದ ಮೇಲೆ ಎರಡನೇ ಸ್ನ್ಯಾಪ್‌ಶಾಟ್.

ಮೇಲೆ ಸಮ್ಮರಿ ಅಂತ ಇರೋ ಡ್ರಾಪ್‌ಡೌನ್‌ನಲ್ಲಿ ಕಂಪ್ಯಾರಿಸನ್ ಆರಿಸಿ, ಮೊದಲನೇ ಸ್ನ್ಯಾಪ್‌ಶಾಟ್ ಜೊತೆ ಹೋಲಿಸಿ, ಡೆಲ್ಟಾ (ಎಷ್ಟು ಜಾಸ್ತಿ ಆಯ್ತು ಅನ್ನೋ) ಕಾಲಂ ಮೇಲೆ ಕ್ಲಿಕ್ ಮಾಡಿ ಜಾಸ್ತಿಯಿಂದ ಕಮ್ಮಿಗೆ ಸಾರ್ಟ್ ಮಾಡಿ. ಮೊದಲ ಸಲ ನೋಡಿದೋರಿಗೆ ತಲೆ ತಿರುಗತ್ತೆ. ಬ್ರ್ಯಾಕೆಟ್‌ನಲ್ಲಿರೋ ಹೆಸರುಗಳು, ಅಂದ್ರೆ ಅರೇ, ಸ್ಟ್ರಿಂಗ್, ಕಂಪೈಲ್ಡ್ ಕೋಡ್, ಸಿಸ್ಟಮ್ ಅಂತೆಲ್ಲ ಇರೋವು, ಅವನ್ನ ಸದ್ಯಕ್ಕೆ ನೋಡ್ಲೇಬೇಡಿ. ಅವು ತಾವಾಗಿ ಲೀಕ್ ಆಗಲ್ಲ, ಯಾವುದೋ ದೊಡ್ಡದರ ಬಾಲ ಹಿಡಿದು ಬಂದಿರ್ತವೆ. ನಿಮ್ಮ ಕೋಡ್‌ನ ಕ್ಲಾಸ್ ಹೆಸರು ಹುಡುಕಿ, ಇಲ್ಲಾಂದ್ರೆ ಫಿಲ್ಟರ್ ಬಾಕ್ಸ್‌ನಲ್ಲಿ ಡಿಟ್ಯಾಚ್ಡ್ ಅಂತ ಟೈಪ್ ಮಾಡಿ. ಪೇಜ್‌ನಿಂದ ಕಿತ್ತು ಹೋದ್ರೂ ಜಾವಾಸ್ಕ್ರಿಪ್ಟ್‌ನಲ್ಲಿ ಯಾರೋ ಹಿಡ್ಕೊಂಡಿರೋ ಡಾಮ್ ನೋಡ್‌ಗಳು ಆ ಹೆಸರಲ್ಲಿ ಬರ್ತವೆ. ಹೊಸ ಕ್ರೋಮ್‌ನ ಮೆಮೊರಿ ಪ್ಯಾನೆಲ್‌ನಲ್ಲಿ ಡಿಟ್ಯಾಚ್ಡ್ ಎಲಿಮೆಂಟ್ಸ್ ಅಂತ ಬೇರೆ ಆಯ್ಕೆನೇ ಕೊಟ್ಟಿದಾರೆ, ಬರೀ ಡಾಮ್ ಸಮಸ್ಯೆ ಅಂತ ಗೊತ್ತಿದ್ರೆ ಅದು ಬೇಗ ಆಗತ್ತೆ.

ಒಂದು ನಿಜವಾದ ಕೇಸ್

ನಾನು ಒದ್ದಾಡಿದ್ದು ಒಂದು ಡ್ಯಾಶ್‌ಬೋರ್ಡ್. ಸಾಲಿನ ಮೇಲೆ ಕ್ಲಿಕ್ ಮಾಡಿದ್ರೆ ಪಕ್ಕದಲ್ಲಿ ಚಾರ್ಟ್ ಇರೋ ಪ್ಯಾನೆಲ್ ತೆರೆಯತ್ತೆ, ಮುಚ್ಚಿದ್ರೆ ಹೋಗತ್ತೆ. 7 ಸಲ ತೆಗೆದು ಮುಚ್ಚಿದ ಮೇಲೆ ಡೆಲ್ಟಾ ಹೀಗಿತ್ತು: ಚಾರ್ಟ್‌ಪ್ಯಾನೆಲ್ 7, ಡಿಟ್ಯಾಚ್ಡ್ ಕ್ಯಾನ್ವಾಸ್ 7, ಡಿಟ್ಯಾಚ್ಡ್ ಡಿವ್ 21. ಒಂದು ಪ್ಯಾನೆಲ್‌ನಲ್ಲಿ ಮೂರು ಡಿವ್, ಲೆಕ್ಕ ಚಾಚೂ ತಪ್ಪದೆ ಕೂತಿತ್ತು. ಒಂದೂ ಸತ್ತಿಲ್ಲ.

ಈಗ ಆ ಏಳರಲ್ಲಿ ಒಂದನ್ನ ಕ್ಲಿಕ್ ಮಾಡಿದ್ರೆ ಕೆಳಗಡೆ ರಿಟೇನರ್ಸ್ ಅನ್ನೋ ಭಾಗ ತೆರೆಯತ್ತೆ, ಇದೇ ಇಡೀ ಆಟದ ಅಂಗಳ. ಅದು ಮೇಲಿಂದ ಕೆಳಗೆ ಓದ್ಬೇಕು, ಪ್ರತಿ ಸಾಲೂ ಮೇಲಿನದನ್ನ ಹಿಡ್ಕೊಂಡಿರೋರು ಯಾರು ಅಂತ ಹೇಳತ್ತೆ, ಡಿಸ್ಟೆನ್ಸ್ ಕಾಲಂ ಬೇರಿಗೆ ಇನ್ನೆಷ್ಟು ಹೆಜ್ಜೆ ಅಂತ ಹೇಳತ್ತೆ, ಅಂಕಿ ಕಮ್ಮಿ ಆಗ್ತಾ ಹೋಗೋ ದಾರಿ ಹಿಡೀರಿ. ನಾನು ಮೊದಲು ಡಿವ್ ಹಿಡಿದು ಹೊರಟೆ, ಡಿವ್‌ನ ಹಿಡಿದಿದ್ದು ಇನ್ನೊಂದು ಡಿವ್, ಅದನ್ನ ಹಿಡಿದಿದ್ದು ಕ್ಯಾನ್ವಾಸ್, ಕ್ಯಾನ್ವಾಸ್‌ನ ಹಿಡಿದಿದ್ದು ಮತ್ತೆ ಡಿವ್, ಹೀಗೇ ಗಾಣದೆತ್ತಿನ ಹಾಗೆ ಸುತ್ತಿದೆ. ಡಾಮ್ ಮರದಲ್ಲಿ ಅಪ್ಪ ಮಕ್ಕಳು ಒಬ್ಬರನ್ನೊಬ್ಬರು ಹಿಡ್ಕೊಂಡೇ ಇರ್ತಾರೆ, ಒಂದು ನೋಡ್ ಉಳಿದ್ರೆ ಇಡೀ ಮರ ಉಳಿಯತ್ತೆ, ಹಾಗಾಗಿ ಡಾಮ್ ನೋಡ್‌ನಿಂದ ಶುರು ಮಾಡಿದ್ರೆ ಗೊಂದಲ ಜಾಸ್ತಿ. ನಿಮ್ಮದೇ ಕ್ಲಾಸ್ ಪಟ್ಟಿಯಲ್ಲಿ ಇದ್ರೆ ಅಲ್ಲಿಂದ ಶುರು ಮಾಡಿ.

ಚಾರ್ಟ್‌ಪ್ಯಾನೆಲ್ ಹಿಡಿದು ಹೋದಾಗ ಮೂರೇ ಹೆಜ್ಜೆಗೆ ಸಿಕ್ತು. ಅದನ್ನ ಹಿಡಿದಿದ್ದು ಬೌಂಡ್ ದಿಸ್ ಅನ್ನೋ ಹೆಸರಲ್ಲಿ ಒಂದು ನೇಟಿವ್ ಬೈಂಡ್ ಫಂಕ್ಷನ್, ಆ ಫಂಕ್ಷನ್‌ನ ಹಿಡಿದಿದ್ದು ಒಂದು ಈವೆಂಟ್ ಲಿಸನರ್, ಅದನ್ನ ಹಿಡಿದಿದ್ದು ವಿಂಡೋ. ಬೈಂಡ್ ಅಂತ ಕಂಡ ತಕ್ಷಣ ಹೊಳೀತು. ಪ್ಯಾನೆಲ್ ತೆರೆಯೋವಾಗ ವಿಂಡೋದ ರೀಸೈಜ್‌ಗೆ ಲಿಸನರ್ ಹಾಕಿದ್ದೆ, ಹ್ಯಾಂಡ್ಲರ್‌ನ ದಿಸ್ ಜೊತೆ, ಅಂದ್ರೆ ಆ ಪ್ಯಾನೆಲ್ ಆಬ್ಜೆಕ್ಟ್ ಜೊತೆ, ಬೈಂಡ್ ಮಾಡಿ ಕೊಟ್ಟಿದ್ದೆ. ಮುಚ್ಚೋವಾಗ ರಿಮೂವ್ ಕೂಡ ಮಾಡಿದ್ದೆ, ಅದಕ್ಕೇ ಕೋಡ್ ಓದಿದಾಗ ಏನೂ ತಪ್ಪು ಕಂಡಿರಲಿಲ್ಲ. ಆದ್ರೆ ಅಲ್ಲೂ ಮತ್ತೆ ಬೈಂಡ್ ಮಾಡಿ ಕೊಟ್ಟಿದ್ದೆ. ಬೈಂಡ್ ಪ್ರತಿ ಸಲ ಹೊಸ ಫಂಕ್ಷನ್ ಕೊಡತ್ತೆ, ಹಾಕಿದ್ದು ಒಂದು, ತೆಗಿ ಅಂದಿದ್ದು ಇನ್ನೊಂದು. ಬ್ರೌಸರ್ ಇಂಥಾ ಫಂಕ್ಷನ್ ನನ್ನತ್ರ ಇಲ್ವಲ್ಲ ಅಂತ ಎರರ್ ಕೊಡೋದೂ ಇಲ್ಲ, ಸುಮ್ನೆ ಇರತ್ತೆ. ಆರೋ ಫಂಕ್ಷನ್‌ನ ಎರಡು ಕಡೆ ಬರೆದ್ರೂ ಇದೇ ಕಥೆ.

ಸರಿ ಮಾಡೋಕೆ ಬೈಂಡ್ ಮಾಡಿದ ಫಂಕ್ಷನ್‌ನ ಕನ್‌ಸ್ಟ್ರಕ್ಟರ್‌ನಲ್ಲೇ ಒಂದು ಪ್ರಾಪರ್ಟಿಯಲ್ಲಿ ಇಟ್ಕೊಂಡು ಎರಡೂ ಕಡೆ ಅದನ್ನೇ ಕೊಡ್ಬಹುದು. ನನಗೆ ಈಗ ಇಷ್ಟ ಆಗೋದು ಅಬಾರ್ಟ್ ಕಂಟ್ರೋಲರ್. ಪ್ಯಾನೆಲ್‌ಗೆ ಒಂದು ಕಂಟ್ರೋಲರ್, ಲಿಸನರ್ ಹಾಕೋವಾಗೆಲ್ಲ ಆಪ್ಶನ್‌ನಲ್ಲಿ ಅದರ ಸಿಗ್ನಲ್ ಕೊಡೋದು, ಮುಚ್ಚೋವಾಗ ಒಂದೇ ಸಲ ಅಬಾರ್ಟ್ ಕರೆಯೋದು, ಹಾಕಿದ ಲಿಸನರ್ ಎಲ್ಲ ಒಟ್ಟಿಗೆ ಹೋಗ್ತವೆ, ಯಾವ ಫಂಕ್ಷನ್ ಯಾವುದು ಅಂತ ನೆನಪಿಡೋ ಗೋಜೇ ಇಲ್ಲ. ಫೆಚ್‌ಗೂ ಅದೇ ಸಿಗ್ನಲ್ ಕೊಟ್ರೆ ಅರ್ಧಕ್ಕೆ ನಿಂತ ರಿಕ್ವೆಸ್ಟೂ ರದ್ದಾಗತ್ತೆ. ಅಂದ ಹಾಗೆ ಸಾಯೋ ಎಲಿಮೆಂಟ್ ಮೇಲೇ ಹಾಕಿದ ಲಿಸನರ್‌ಗೆ ಇಷ್ಟೆಲ್ಲ ಬೇಕಿಲ್ಲ, ಎಲಿಮೆಂಟ್ ಹೋದ್ರೆ ಅದೂ ಹೋಗತ್ತೆ. ವಿಂಡೋ, ಡಾಕ್ಯುಮೆಂಟ್, ಬಾಡಿ, ಯಾವಾಗಲೂ ಬದುಕಿರೋ ಸ್ಟೋರ್, ವೆಬ್‌ಸಾಕೆಟ್, ಇವುಗಳ ಮೇಲೆ ಹಾಕಿದ್ದೇ ಕಾಟ ಕೊಡೋದು.

ಸರಿ ಮಾಡಿ ಮತ್ತೆ 7 ಸಲ ಮಾಡಿದೆ. ಚಾರ್ಟ್‌ಪ್ಯಾನೆಲ್ ಡೆಲ್ಟಾ ಇನ್ನೂ 7! ತಲೆ ಬಿಸಿ ಆಯ್ತು, ಆದ್ರೆ ರಿಟೇನರ್ಸ್ ನೋಡಿದ್ರೆ ದಾರಿ ಬೇರೆ ಇತ್ತು, ಈ ಸಲ ಲಿಸನರ್ ಅಲ್ಲ, ಒಂದು ಟೈಮರ್. ಒಂದೇ ಆಬ್ಜೆಕ್ಟ್‌ನ ಇಬ್ಬರು ಮೂವರು ಹಿಡ್ಕೊಂಡಿರೋದು ಮಾಮೂಲು, ಒಬ್ಬರು ಕೈ ಬಿಟ್ರೆ ಏನೂ ಬದಲಾಗಲ್ಲ, ಎಲ್ಲರೂ ಬಿಡ್ಬೇಕು. ಮೊದಲ ಫಿಕ್ಸ್ ಕೆಲಸ ಮಾಡ್ಲಿಲ್ಲ ಅಂತ ಅದನ್ನ ವಾಪಸ್ ತೆಗೆದು ಬಿಡೋದು ತುಂಬಾ ಜನ ಮಾಡೋ ತಪ್ಪು, ಹಾಗೆ ಮಾಡಿದ್ರೆ ಜನ್ಮದಲ್ಲಿ ಮುಗಿಯಲ್ಲ. ಅಂಕಿ ನೋಡ್ಬೇಡಿ, ಆ ದಾರಿ ಮುಚ್ಚಿತಾ ಅಂತ ನೋಡಿ. ಹೊಸ ಡೆವ್‌ಟೂಲ್ಸ್‌ನಲ್ಲಿ ರಿಟೇನರ್ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಇದನ್ನ ಕಡೆಗಣಿಸು ಅಂತ ಹೇಳೋಕಾಗತ್ತೆ, ಅದು ಇಲ್ದಿದ್ರೆ ಇನ್ಯಾರು ಹಿಡ್ಕೊಂಡಿರ್ತಾರೆ ಅಂತ ಕೋಡ್ ಮುಟ್ಟದೇನೇ ಗೊತ್ತಾಗತ್ತೆ.

ಮಾಮೂಲಿ ಅಪರಾಧಿಗಳು

ಕ್ಲಿಯರ್ ಮಾಡದ ಸೆಟ್ ಇಂಟರ್ವಲ್ ಎಲ್ಲರಿಗೂ ಗೊತ್ತು. ಬಾಡಿ ತರ ಸಾಯದೇ ಇರೋ ಎಲಿಮೆಂಟ್‌ಗೆ ರೀಸೈಜ್ ಅಬ್ಸರ್ವರ್ ಹಾಕಿ ಡಿಸ್ಕನೆಕ್ಟ್ ಮರೆಯೋದೂ ಅದೇ ಜಾತಿ. ಕ್ಯಾಶ್ ಅಂತ ಹೆಸರಿಟ್ಟಿರೋ ಮ್ಯಾಪ್ ಇನ್ನೊಂದು, ಹಾಕೋ ಕೋಡ್ ಇರತ್ತೆ, ತೆಗೆಯೋ ಕೋಡ್ ಇರಲ್ಲ. ಕೀ ಆಬ್ಜೆಕ್ಟ್ ಆಗಿದ್ರೆ ವೀಕ್‌ಮ್ಯಾಪ್ ಬಳಸಿ, ಅದು ಕೀನ ಹಿಡಿದಿಟ್ಕೊಳ್ಳಲ್ಲ, ಕೀ ಸ್ಟ್ರಿಂಗ್ ಆಗಿದ್ರೆ ವೀಕ್‌ಮ್ಯಾಪ್ ಆಗಲ್ಲ, ಮಿತಿ ಹಾಕಿ ಹಳೇದನ್ನ ತೆಗೀರಿ.

ಬ್ಲಾಬ್ ಯುಆರ್‌ಎಲ್ ಕಣ್ಣು ತಪ್ಪಿಸೋ ಕಳ್ಳ. ಕ್ರಿಯೇಟ್ ಆಬ್ಜೆಕ್ಟ್ ಯುಆರ್‌ಎಲ್ ಕರೆದ್ರೆ ರಿವೋಕ್ ಮಾಡೋ ತನಕ ಅಥವಾ ಡಾಕ್ಯುಮೆಂಟ್ ಹೋಗೋ ತನಕ ಬ್ಲಾಬ್ ಬದುಕಿರತ್ತೆ, ಸಿಂಗಲ್ ಪೇಜ್ ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಹೋಗೋದೇ ಇಲ್ಲ. ಹೀಪ್ ಸ್ನ್ಯಾಪ್‌ಶಾಟ್ ಸಣ್ಣಗೇ ಇರತ್ತೆ, ಫುಟ್‌ಪ್ರಿಂಟ್ ಮಾತ್ರ ಏರ್ತಾ ಇರತ್ತೆ.

ಕ್ಲೋಶರ್, ಅಂದ್ರೆ ಹೊರಗಿನ ಫಂಕ್ಷನ್‌ನ ವೇರಿಯಬಲ್‌ಗಳನ್ನ ಬಳಸೋ ಒಳ ಫಂಕ್ಷನ್, ಅದರ ವಿಷಯ ಸ್ವಲ್ಪ ಸೂಕ್ಷ್ಮ. ಒಂದು ಫಂಕ್ಷನ್ ಒಳಗೆ ಎರಡು ಒಳ ಫಂಕ್ಷನ್ ಇದಾವೆ ಅಂದ್ಕೊಳ್ಳಿ, ಒಂದು ದೊಡ್ಡ ಅರೇ ಬಳಸತ್ತೆ, ಇನ್ನೊಂದು ಅದನ್ನ ಮುಟ್ಟೋದೇ ಇಲ್ಲ. ಮೊದಲನೇದು ಕೆಲಸ ಮುಗಿಸಿ ಹೋಯ್ತು, ಎರಡನೇದು ಎಲ್ಲೋ ಲಿಸನರ್ ಆಗಿ ಉಳೀತು. ಅರೇ ಹೋಗ್ಬೇಕಿತ್ತು ಅಲ್ವಾ? ಹೋಗಲ್ಲ. ಕ್ರೋಮ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ವಿ8ರಲ್ಲಿ ಒಂದೇ ಸ್ಕೋಪ್‌ನಲ್ಲಿ ಹುಟ್ಟಿದ ಕ್ಲೋಶರ್‌ಗಳಿಗೆಲ್ಲ ಕಾಂಟೆಕ್ಸ್ಟ್ (ವೇರಿಯಬಲ್ ಇಡೋ ಡಬ್ಬ) ಒಂದೇ, ಯಾರಾದ್ರೂ ಒಬ್ಬರು ಬಳಸೋ ವೇರಿಯಬಲ್ ಅದರೊಳಗೆ ಕೂರತ್ತೆ, ಯಾರಾದ್ರೂ ಒಬ್ಬರು ಬದುಕಿದ್ರೂ ಕಾಂಟೆಕ್ಸ್ಟ್ ಪೂರ್ತಿ ಬದುಕತ್ತೆ. ರಿಟೇನರ್ಸ್‌ನಲ್ಲಿ ಕಾಂಟೆಕ್ಸ್ಟ್ ಅಂತ ಕಂಡು ಆ ಫಂಕ್ಷನ್‌ಗೂ ಈ ಅರೇಗೂ ಏನು ಸಂಬಂಧ ಅಂತ ಕೂದಲು ಕಿತ್ಕೊಳ್ತಾ ಇದ್ರೆ ಕಾರಣ ಇದೇ. ಉಳಿಯೋ ಫಂಕ್ಷನ್‌ನ ಬೇರೆ ಸ್ಕೋಪ್‌ನಲ್ಲಿ ಹುಟ್ಟಿಸಿ.

ಸ್ಟ್ರಿಂಗ್‌ನಲ್ಲೂ ಇಂಥದ್ದೊಂದು ಇದೆ. ದೊಡ್ಡ ರೆಸ್ಪಾನ್ಸ್ ಪಠ್ಯದಿಂದ ಸಬ್‌ಸ್ಟ್ರಿಂಗ್ ಮಾಡಿ ಸಣ್ಣ ತುಂಡು ಇಟ್ಕೊಂಡ್ರಿ ಅಂದ್ಕೊಳ್ಳಿ, ತುಂಡು 13 ಅಕ್ಷರ ಅಥವಾ ಜಾಸ್ತಿ ಇದ್ರೆ ವಿ8 ಕಾಪಿ ಮಾಡದೆ ಮೂಲ ಸ್ಟ್ರಿಂಗ್‌ಗೇ ಬೆರಳು ತೋರಿಸ್ತಾ ಇರಬಹುದು, ತುಂಡಿಗೋಸ್ಕರ ಇಡೀ ಪಠ್ಯ ಉಳಿಯತ್ತೆ. ಸ್ನ್ಯಾಪ್‌ಶಾಟ್‌ನಲ್ಲಿ ಸ್ಲೈಸ್ಡ್ ಸ್ಟ್ರಿಂಗ್ ಅಂತ ಕಾಣತ್ತೆ. ಅಪರೂಪ, ಆದ್ರೆ ಸಿಕ್ಕಿಬಿದ್ರೆ ನಂಬೋಕಾಗಲ್ಲ.

ಸ್ನ್ಯಾಪ್‌ಶಾಟ್ ಸಾಲದಾಗ

ಏಳರ ಲೆಕ್ಕ ಸಿಗದೇ ಇದ್ರೆ, ಯಾವ ಕ್ಲಿಕ್‌ಗೆ ಏನು ಉಳೀತು ಅಂತ ನೋಡ್ಬೇಕಿದ್ರೆ, ಮೆಮೊರಿ ಪ್ಯಾನೆಲ್‌ನಲ್ಲೇ ಅಲೊಕೇಶನ್ ಟೈಮ್‌ಲೈನ್ ಇದೆ. ಹುಟ್ಟಿದ ಆಬ್ಜೆಕ್ಟ್‌ಗಳು ನೀಲಿ ಗೆರೆಯಾಗಿ ಬರ್ತವೆ, ಸತ್ತ ಹಾಗೆ ಗೆರೆ ಬೂದಿ ಬಣ್ಣಕ್ಕೆ ತಿರುಗತ್ತೆ. ಪ್ಯಾನೆಲ್ ಮುಚ್ಚಿದ ಮೇಲೂ ನೀಲಿಯಾಗೇ ಉಳಿದ ಗೆರೆ ಆರಿಸಿದ್ರೆ ಆ ಹೊತ್ತಲ್ಲಿ ಹುಟ್ಟಿ ಇನ್ನೂ ಬದುಕಿರೋದು ಮಾತ್ರ ಪಟ್ಟಿಯಲ್ಲಿ ಬರತ್ತೆ. ರೆಕಾರ್ಡ್ ಮಾಡೋಕೆ ಮುಂಚೆ ಅಲೊಕೇಶನ್ ಸ್ಟ್ಯಾಕ್ ಟ್ರೇಸ್ ಆಯ್ಕೆ ಹಾಕಿದ್ರೆ ಯಾವ ಸಾಲಲ್ಲಿ ಹುಟ್ಟಿತು ಅನ್ನೋದೂ ಸಿಗತ್ತೆ, ಪೇಜ್ ಮಾತ್ರ ನಿಧಾನ ಆಗತ್ತೆ.

ಫೈರ್‌ಫಾಕ್ಸ್‌ನಲ್ಲೂ ಮೆಮೊರಿ ಪ್ಯಾನೆಲ್ ಇದೆ, ಯಾರು ಹೋದ್ರೆ ಎಷ್ಟು ಮೆಮೊರಿ ಬಿಡತ್ತೆ ಅಂತ ತೋರಿಸೋ ಡಾಮಿನೇಟರ್ಸ್ ನೋಟ ಚೆನ್ನಾಗಿದೆ. ಸಫಾರಿಯ ವೆಬ್ ಇನ್‌ಸ್ಪೆಕ್ಟರ್‌ನಲ್ಲಿ ಟೈಮ್‌ಲೈನ್ಸ್ ಒಳಗೆ ಜಾವಾಸ್ಕ್ರಿಪ್ಟ್ ಅಲೊಕೇಶನ್ಸ್ ಇದೆ. ನಾನಂತೂ ಹುಡುಕೋದೆಲ್ಲ ಕ್ರೋಮ್‌ನಲ್ಲೇ, ದಾರಿ ಮರೆತು ಉಳಿದಿದ್ರೆ ಬಹುತೇಕ ಎಲ್ಲಾ ಬ್ರೌಸರ್‌ನಲ್ಲೂ ಉಳಿದಿರತ್ತೆ.

ಒಂದು ಎಚ್ಚರಿಕೆ, ಸ್ನ್ಯಾಪ್‌ಶಾಟ್ ಫೈಲ್‌ನ ಸೇವ್ ಮಾಡಿ ಬೇರೆಯೋರಿಗೆ ಕಳ್ಸೋಕಾಗತ್ತೆ, ಆದ್ರೆ ಅದರೊಳಗೆ ಹೀಪ್‌ನಲ್ಲಿದ್ದ ಸ್ಟ್ರಿಂಗ್‌ಗಳೂ ಇರ್ತವೆ, ಲಾಗಿನ್ ಟೋಕನ್ ಕೂಡ. ನಿಜವಾದ ಯೂಸರ್ ಅಕೌಂಟ್‌ನಿಂದ ತೆಗೆದದ್ದನ್ನ ಟಿಕೆಟ್‌ಗೆ ಅಂಟಿಸ್ಬೇಡಿ.

ಸರಿ ಮಾಡಿದ್ದು ಆರು ತಿಂಗಳು ಬಿಟ್ಟು ಮತ್ತೆ ಕೆಡದೇ ಇರ್ಬೇಕಲ್ಲ, ಅದಕ್ಕೆ ಮೆಟಾದೋರು 2022ರಲ್ಲಿ ಓಪನ್ ಸೋರ್ಸ್ ಮಾಡಿದ ಮೆಮ್‌ಲ್ಯಾಬ್ ಇದೆ. ಯಾವ ಪೇಜ್, ಏನು ಮಾಡ್ಬೇಕು, ಹೇಗೆ ವಾಪಸ್ ಬರ್ಬೇಕು ಅಂತ ಮೂರು ವಿಷಯ ಬರೆದು ಕೊಟ್ರೆ ಅದೇ ಬ್ರೌಸರ್ ಓಡ್ಸಿ, ಸ್ನ್ಯಾಪ್‌ಶಾಟ್ ತೆಗೆದು, ಉಳಿದ ಆಬ್ಜೆಕ್ಟ್‌ಗಳ ರಿಟೇನರ್ ದಾರಿ ಪ್ರಿಂಟ್ ಮಾಡತ್ತೆ. ಅಷ್ಟು ಬೇಡ ಅಂದ್ರೆ ಕನ್ಸೋಲ್‌ನಲ್ಲಿ ಕ್ವೆರಿ ಆಬ್ಜೆಕ್ಟ್ಸ್ ಕರೆದು ಕ್ಲಾಸ್ ಹೆಸರು ಕೊಡಿ, ಆ ಕ್ಲಾಸ್‌ನ ಬದುಕಿರೋ ಆಬ್ಜೆಕ್ಟ್‌ಗಳ ಅರೇ ಬರತ್ತೆ. ನನ್ನ ಚಾರ್ಟ್‌ಪ್ಯಾನೆಲ್‌ಗೆ ಟೈಮರ್ ದಾರಿನೂ ಮುಚ್ಚಿದ ಮೇಲೆ ಹಾಗೇ ಕೇಳಿದೆ, ಖಾಲಿ ಅರೇ ಬಂತು. ಮತ್ತೆ 7 ಸಲ ತೆಗೆದು ಮುಚ್ಚಿ ಕೇಳಿದೆ, ಆಗಲೂ ಖಾಲಿ.